ಹಿಂಬದಿಯ ಕೆಂಪು

ಸಂಜೆ ಐದೂಕಾಲಿಗೆ ಅಣ್ಣನ ಫೋನು ಬಂತು. ಕಲ್ಲುಗಣಿ ರಸ್ತೆಯ ಏರಿನಲ್ಲಿ, ಎದುರು ಬಂದ ಲಾರಿಗೆ ದಾರಿ ಬಿಡಲು ಹೋಗಿ ಅವನ ಕಾರು ನಿಂತುಬಿಟ್ಟಿತ್ತು. ಕೀಲಿ ತಿರುಗಿಸಿದರೆ ಒಂದು ಕಟಕ್ ಸದ್ದು, ಅಷ್ಟೇ. ಮುಂದಿನ ದೀಪವಿಲ್ಲ, ಹಿಂದಿನ ದೀಪವಿಲ್ಲ, ಹಾರ್ನ್ ಒತ್ತಿದರೆ ಉಸಿರೂ ಇಲ್ಲ. ಮೆಕ್ಯಾನಿಕ್‌ಗೆ ಹೇಳಿಯಾಗಿತ್ತು, ಅವನು ಬೇರೊಂದು ಗಾಡಿ ಮುಗಿಸಿ ಬರುವ ಹೊತ್ತಿಗೆ ಏಳಾಗುತ್ತದಂತೆ. ಇಷ್ಟನ್ನೂ ಅಣ್ಣ ತನ್ನ ಎಂದಿನ ನಿಧಾನದಲ್ಲಿ ಹೇಳಿ, ಕೊನೆಗೆ ಕೇಳಬೇಕಾದದ್ದನ್ನು ಕೇಳಿದ.

"ಇಳಿದು ಆಚೆ ನಿಲ್ಲಲಾ ಪುಟ್ಟಿ, ಒಳಗೇ ಕೂತಿರಲಾ?"

"ಒಳಗೇ ಕೂತ್ಕೋ. ಆ ಮಂಡಿ ಇಟ್ಕೊಂಡು ಎರಡು ಗಂಟೆ ಕೊಕ್ಕರೆ ಥರ ನಿಂತಿರ್ತೀಯಾ? ಕರೆಂಟ್ ಇಲ್ದಿದ್ರೆ ಏನಾಯ್ತು, ಹಿಂದೆ ರಿಫ್ಲೆಕ್ಟರ್ ಇದೆ. ಲಾರಿ ಬೆಳಕು ಬಿದ್ರೆ ತಾನೇ ಹೊಳೆಯುತ್ತೆ."

"ಸರಿ. ನೀನು ಹೇಳಿದ ಮೇಲೆ ಮುಗೀತು," ಎಂದ ಅಣ್ಣ. ಅಷ್ಟರಲ್ಲಿ ಫೋನು ಕಟ್ಟಾಯಿತು. ಆ ರಸ್ತೆಯಲ್ಲಿ ಗುಡ್ಡದ ಮರೆ. ಸಿಗ್ನಲ್ ಬಂದರೆ ಬಂತು, ಹೋದರೆ ಹೋಯಿತು.

ಅವಳು ಫೋನನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮತ್ತೆ ಮೇಜಿನತ್ತ ತಿರುಗಿದಳು. ಕಾಲೇಜಿನ ಭೌತಶಾಸ್ತ್ರ ಪ್ರಯೋಗಶಾಲೆ ಹನ್ನೆರಡು ವರ್ಷದಿಂದ ಅವಳ ಕೈಯಲ್ಲಿತ್ತು. ನಾಳೆಯ ತರಗತಿಗೆ ಬೇಕಾದದ್ದನ್ನು ಇಂದೇ ಜೋಡಿಸಿಡದೆ ಅವಳು ಮನೆಗೆ ಹೋದ ದಿನವಿಲ್ಲ. ಅಣ್ಣನ ಮಾತಿನಿಂದ ಗಾಬರಿಯೇನೂ ಆಗಿರಲಿಲ್ಲ. ಆದರೂ ಒಂದೇ ಸ್ಕ್ರೂವನ್ನು ಎರಡು ಸಲ ಬಿಗಿದಳು. ಎಲ್ಲೋ ಗ್ಯಾಸ್ ಆರಿಸದೆ ಬಂದವಳ ಹಾಗೆ ಮನಸ್ಸು ಮತ್ತೆ ಮತ್ತೆ ಹಿಂದಕ್ಕೆ ಹೋಗಿ ಏನನ್ನೋ ಹುಡುಕಿ ಬರಿಗೈಯಲ್ಲಿ ಮರಳುತ್ತಿತ್ತು.

ಅಣ್ಣನದು ಹಲ್ಲಿನ ಆಸ್ಪತ್ರೆಗಳ ಕುರ್ಚಿ ರಿಪೇರಿ. ಏಳದ ಕುರ್ಚಿ, ಇಳಿಯದ ಕುರ್ಚಿ, ರೋಗಿ ಕೂತ ಮೇಲೆ ತನಗೆ ತೋಚಿದಂತೆ ವಾಲುವ ಕುರ್ಚಿ, ಎಲ್ಲಕ್ಕೂ ಅವನೇ ವೈದ್ಯ. ಕಾರಿನ ಹಿಂದಿನ ಸೀಟು ತೆಗೆದು ಪೂರ್ತಿ ಸಾಮಾನು ತುಂಬಿಕೊಂಡು ಊರೂರು ತಿರುಗುತ್ತಿದ್ದ. ನಾಲ್ಕು ವರ್ಷದ ಹಿಂದೆ ಒಂದು ಸಂಜೆ ಟೈರು ಪಂಕ್ಚರಾಗಿ, ರಸ್ತೆ ಬದಿಗೆ ಹಾಕಿ, ಒಳಗೆ ಕೂತು ಕಿತ್ತಳೆ ಸುಲಿಯುತ್ತಿದ್ದಾಗ ಹಿಂದಿನಿಂದ ಬಂದ ವ್ಯಾನು ಗುದ್ದಿತ್ತು. ಮಂಡಿಯೊಂದು ಹೋದದ್ದು ಬಿಟ್ಟರೆ ಜೀವ ಉಳಿಯಿತು. ಅಂದಿನಿಂದ ಕಾರು ಎಲ್ಲಿ ನಿಂತರೂ ಅಣ್ಣ ಇಳಿದು, ಇಪ್ಪತ್ತು ಹೆಜ್ಜೆ ಆಚೆ ಹೋಗಿ, ನೋಯುವ ಕಾಲನ್ನು ಮಡಚಿ ಒಂಟಿ ಕಾಲಿನಲ್ಲಿ ನಿಲ್ಲುತ್ತಿದ್ದ. ಬಿಸಿಲಿರಲಿ ಚಳಿಯಿರಲಿ, ರೈಲ್ವೆ ಗೇಟಿನಲ್ಲೂ ಅದೇ ಕಥೆ. ನಮ್ಮ ಮನೆಯವರು ಕಾರು ಓಡಿಸೋದಲ್ಲ, ಕಾರು ಕಾಯೋ ಕೆಲಸಕ್ಕೆ ಸೇರಿದ್ದಾರೆ ಎಂದು ಅತ್ತಿಗೆ ನಗಾಡುತ್ತಿದ್ದಳು. ನಗಾಡಿ ಒಳಗೆ ಹೋದವಳು ಬಿಸಿನೀರಿನ ಚೀಲ ತುಂಬಿಸಿ ತರುತ್ತಿದ್ದಳು.

ಅದಕ್ಕೇ ತಂಗಿ ಆ ಕೆಲಸಕ್ಕೆ ಕೈ ಹಾಕಿದ್ದು. ಕಾರಿನ ಹಿಂಬದಿ ಬಂಪರಿನ ಎರಡು ತುದಿಗೂ ಅಂಗೈಯುದ್ದದ ಕೆಂಪು ರಿಫ್ಲೆಕ್ಟರುಗಳಿದ್ದವು. ತಮ್ಮದೆಂಬ ಬೆಳಕಿಲ್ಲದ, ಬಿದ್ದ ಬೆಳಕನ್ನು ಹಿಂದಿರುಗಿಸುವ ಬರೀ ಪ್ಲಾಸ್ಟಿಕ್. ಅವನ್ನು ಬಿಚ್ಚಿ ತಂದು, ಬಿಸಿಗಾಳಿಯ ಗನ್ನಿನಿಂದ ಅಂಟು ಕರಗಿಸಿ, ಕೆಂಪು ಮುಚ್ಚಳವನ್ನು ಬಿರುಕು ಬಿಡದಂತೆ ಬೇರ್ಪಡಿಸಲು ಅವಳಿಗೆ ಎರಡು ಭಾನುವಾರ ಹಿಡಿಯಿತು. ಒಂದೊಂದರಲ್ಲೂ ಎಪ್ಪತ್ತೆರಡು ಎಲ್‌ಇಡಿಗಳನ್ನು ಸಾಲಾಗಿ ಕೂರಿಸಿದಳು. ಡಿಕ್ಕಿಯೊಳಗೆ ಬೆಂಕಿಪೊಟ್ಟಣದಷ್ಟು ದೊಡ್ಡ ಕಂಟ್ರೋಲರ್ ಇಟ್ಟು ಅದಕ್ಕೆ ಪ್ರೋಗ್ರಾಂ ಬರೆದಳು: ಬ್ರೇಕ್ ಒತ್ತಿದರೆ ಭಗ್ಗನೆ ಪೂರ್ತಿ ಕೆಂಪು, ಇಂಡಿಕೇಟರ್ ಹಾಕಿದರೆ ಒಳಗಿನಿಂದ ಹೊರಕ್ಕೆ ಹರಿಯುವ ಗೆರೆ, ಬಾಗಿಲು ತೆಗೆದರೂ ಎಂಜಿನ್ ಹೊತ್ತಿಕೊಂಡರೂ ಮೆಲ್ಲಗೆ ಉಸಿರಾಡುವಂಥ ಬೆಳಕು.

ಎಲ್ಲ ಸರಿಹೋಯಿತು, ಒಂದು ಬಿಟ್ಟು. ಹೊರಗಿನಿಂದ ನೋಡಿದರೆ ಒಂದೊಂದು ಎಲ್‌ಇಡಿಯೂ ಬೇರೆ ಬೇರೆ ಚುಕ್ಕೆಯಾಗಿ, ಸುಲಿದ ದಾಳಿಂಬೆಯ ಹಾಗೆ ಕಾಣುತ್ತಿತ್ತು. ಅಚ್ಚುಕಟ್ಟಿನ ಹೆಂಗಸಿಗೆ ಅದು ಸಹಿಸಲಾಗದ ಮಾತು. ಮುಚ್ಚಳದ ಒಳಮೈ ತುಂಬ ಸಣ್ಣ ಸಣ್ಣ ಮೂರು ಮೂಲೆಯ ಏರುತಗ್ಗುಗಳಿದ್ದವು. ಮರಳು ಕಾಗದವನ್ನು ನೀರಿನಲ್ಲಿ ಅದ್ದಿ, ಮೊದಲು ಒರಟಿನದು ಆಮೇಲೆ ನಯದ್ದು ಹಾಕಿ, ಆ ಏರುತಗ್ಗೆಲ್ಲ ಹೋಗಿ ಮಂಜು ಕಟ್ಟಿದ ಗಾಜಿನಂತಾಗುವವರೆಗೆ ಉಜ್ಜಿದಳು. ಆಮೇಲೆ ಬೆಳಕು ಹಾಲು ಚೆಲ್ಲಿದ ಹಾಗೆ ಸಮನಾಗಿ ಹರಡಿತು. ಅಣ್ಣ ಕಾರಿನ ಹಿಂದೆ ನಿಂತು ಬಾಯಿ ತೆರೆದು ನೋಡಿದ. ಇನ್ನು ಮೇಲೆ ಕಾರು ನಿಂತರೆ ಇಳಿಯುವುದಿಲ್ಲವೆಂದು ಅವಳು ಅವನಿಂದ ಮಾತು ತೆಗೆದುಕೊಂಡಳು. ಇದು ಹತ್ತು ದಿನದ ಹಿಂದಿನ ಸಂಗತಿ.

"ಮೇಡಂ, ಇದನ್ನ ಎಷ್ಟು ವರ್ಷ ನೋಡಿದ್ರೂ ನಂಗೆ ಬೇಜಾರಾಗಲ್ಲ," ಎಂದ ಪ್ರಯೋಗಶಾಲೆಯ ಅಟೆಂಡರ್. ಇನ್ನೆರಡು ವರ್ಷಕ್ಕೆ ನಿವೃತ್ತನಾಗುವ ಆಸಾಮಿ. ನಾಳೆಯ ಪ್ರಯೋಗಕ್ಕೆಂದು ಅವಳು ಮೂರು ಕನ್ನಡಿಗಳನ್ನು ಒಂದಕ್ಕೊಂದು ಲಂಬವಾಗಿ, ಕೋಣೆಯ ಮೂಲೆಯ ಹಾಗೆ ಜೋಡಿಸಿದ್ದಳು. ಅವನು ಟಾರ್ಚ್ ಹಿಡಿದು ಆಚೆ ಈಚೆ ಓಡಾಡುತ್ತಿದ್ದ. ಎಲ್ಲಿ ನಿಂತು ಬೆಳಕು ಬಿಟ್ಟರೂ ಅದು ನೆಟ್ಟಗೆ ಅವನ ಮುಖಕ್ಕೇ ವಾಪಸ್ಸು ಬರುತ್ತಿತ್ತು. "ನಮ್ಮ ಮನೆಯವಳ ಥರ. ಯಾವ ಕಡೆಯಿಂದ ಹೋದ್ರೂ ಸಿಗಾಕೊಳ್ತೀನಿ."

ಅವಳು ನಗಲಿಲ್ಲ. ಮೂರು ಕನ್ನಡಿ ಕೂಡುವ ಮೂಲೆಯನ್ನೇ ನೋಡುತ್ತ ನಿಂತಳು. ಕಾರು, ಸೈಕಲ್ಲು, ರಸ್ತೆಯ ಕಂಬ, ಎಲ್ಲದರ ಕೆಂಪು ರಿಫ್ಲೆಕ್ಟರಿನ ಒಳಮೈಯಲ್ಲೂ ಇಂಥದೇ ನೂರಾರು ಪುಟಾಣಿ ಮೂಲೆಗಳಿರುತ್ತವೆ, ಬೆಳಕು ಬಂದ ದಾರಿಗೇ ಮರಳುವುದು ಅವುಗಳಿಂದಲೇ. ಹನ್ನೆರಡು ವರ್ಷವೂ ತರಗತಿಯ ಕೊನೆಗೆ ಅವಳು ಹೇಳುವ ಮಾತದು.

ಆ ಮೂಲೆಗಳನ್ನು ಅವಳು ಮರಳು ಕಾಗದ ಹಾಕಿ ಉಜ್ಜಿದ್ದಳು.

ಆ ಕಾರಿನ ಹಿಂದಿನ ದೀಪಗಳಲ್ಲಿ ಬೇರೆ ರಿಫ್ಲೆಕ್ಟರ್ ಇರಲಿಲ್ಲ, ಇದ್ದದ್ದು ಆ ಎರಡೇ. ಕರೆಂಟ್ ಇರುವವರೆಗೆ ಅವು ಮೊದಲಿಗಿಂತ ನೂರು ಪಾಲು ಚೆಂದ, ಕರೆಂಟ್ ಹೋದ ಕ್ಷಣ ಎರಡು ತುಂಡು ಮಂಕು ಪ್ಲಾಸ್ಟಿಕ್. ಮತ್ತೆ ಕರೆಂಟ್ ಹೋದದ್ದಾದರೂ ಯಾಕೆ? ಲೆಕ್ಕ ತಾನಾಗಿಯೇ ತಲೆಯೊಳಗೆ ಓಡಿತು. ಈ ಜಾತಿಯ ಎಲ್‌ಇಡಿ ಆರಿದ್ದಾಗಲೂ ಒಂದೊಂದಕ್ಕೆ ಒಂದು ಮಿಲಿಆಂಪಿಯರ್ ಕುಡಿಯುತ್ತದೆ. ನೂರ ನಲವತ್ತನಾಲ್ಕು ಎಲ್‌ಇಡಿ, ಜೊತೆಗೆ ಎಂದೂ ನಿದ್ದೆ ಮಾಡದ ಕಂಟ್ರೋಲರ್. ಅಣ್ಣ ಕುರ್ಚಿ ರಿಪೇರಿಗೆ ಹೋದ ಆಸ್ಪತ್ರೆಯ ಹಿತ್ತಲಿನಲ್ಲಿ ಎರಡು ದಿನ ಕಾರು ನಿಲ್ಲಿಸಿದ್ದ. ಹಳೆಯ ಬ್ಯಾಟರಿ, ಹೊರಡುವಾಗ ಒಂದು ಸಲ ಎಂಜಿನ್ ಎಬ್ಬಿಸುವಷ್ಟು ಮಾತ್ರ ಉಳಿದಿದ್ದಿರಬೇಕು. ಅದನ್ನು ಹೀರಿ ಮುಗಿಸಿದ್ದೂ ಅವಳ ದೀಪವೇ.

ಫೋನು ಮಾಡಿದಳು. ಸಂಪರ್ಕಕ್ಕೆ ಸಿಗುತ್ತಿಲ್ಲ. ಮತ್ತೆ ಮಾಡಿದಳು. ಗಡಿಯಾರದಲ್ಲಿ ಆರಕ್ಕೆ ಹತ್ತು ನಿಮಿಷ, ಕಿಟಕಿಯಾಚೆ ಬೆಳಕು ಆಗಲೇ ತೆಳ್ಳಗಾಗಿತ್ತು. ಕಲ್ಲು ತುಂಬಿದ ಲಾರಿಗಳು ಗಣಿಯಿಂದ ಹೊರಡುವ ಹೊತ್ತು. ಬೂದಿ ಬಣ್ಣದ ಕಾರು, ಬೂದಿ ಬಣ್ಣದ ರಸ್ತೆ, ಒಳಗೆ ಅಣ್ಣ. ಒಳಗೇ ಕೂತ್ಕೋ ಎಂದವಳು ತಾನೇ.

ಓಡಲು ತಿರುಗಿದಾಗ ಬೀರುವಿನ ಮೇಲೆ ಕಂಡಿತು ಎಚ್ಚರಿಕೆಯ ತ್ರಿಕೋನ. ಗಾಡಿ ಕೆಟ್ಟರೆ ಹಿಂದೆ ರಸ್ತೆಯ ಮೇಲಿಡುವ ಮಡಚುವ ಕೆಂಪು ಚೌಕಟ್ಟು. ವೈರಿಂಗಿಗೆ ಜಾಗ ಬೇಕೆಂದು ಅಣ್ಣನ ಡಿಕ್ಕಿಯಿಂದ ತೆಗೆದವಳು ವಾಪಸ್ಸು ಇಡಲು ಮರೆತಿದ್ದಳು. ಯಾವ ಸಾಮಾನನ್ನೂ ಅದರ ಜಾಗದಿಂದ ಒಂದಿಂಚು ಆಚೆ ಬಿಡದ ತಾನು! ಅದನ್ನು ಕಂಕುಳಲ್ಲಿ ಇರುಕಿಕೊಂಡು, ಸ್ಕೂಟರ್ ತೆಗೆಯುವಂತೆ ಅಟೆಂಡರನಿಗೆ ಹೇಳಿದಳು. ಅವನು ಟಾರ್ಚನ್ನು ಜೇಬಿಗೆ ಹಾಕಿಕೊಂಡು ಓಡಿದ.

ದಾರಿಯುದ್ದಕ್ಕೂ ಅವನ ಬೆನ್ನಿನ ಹಿಂದೆ ಕೂತು ಎಲ್ಲ ಹೇಳಿದಳು. ಗಾಳಿಗೆ ಅರ್ಧ ಮಾತು ಹಾರಿಹೋಯಿತು. ಸಿಗ್ನಲ್ಲಿನಲ್ಲಿ ನಿಂತಾಗ ಫೋನು, ಪೇಟೆ ದಾಟುವಾಗ ಫೋನು. ಇನ್ನೂ ಜೋರಾಗಿ ಓಡಿಸಲು ಅವಳು ಮೂರು ಸಲ ಹೇಳಿದ ಮೇಲೆ ಅವನು, ಈ ಸ್ಕೂಟರಿಗೂ ನನಗೂ ಹೆಚ್ಚುಕಮ್ಮಿ ಒಂದೇ ವಯಸ್ಸು, ಇಬ್ಬರನ್ನೂ ಒಟ್ಟಿಗೆ ಸಾಯಿಸಬೇಡಿ ಎಂದು ಗೊಣಗಿ, ಆಕ್ಸಿಲರೇಟರಿನ ಕಿವಿ ಹಿಂಡಿ ಓಡಿಸಿದ. ಕೊನೆಯ ಬೀದಿದೀಪ ಹಿಂದೆ ಉಳಿಯಿತು. ಕಲ್ಲಿನ ಪುಡಿ ಹಾರುವ ರಸ್ತೆ ಶುರುವಾಯಿತು. ಎರಡು ಲಾರಿಗಳು ಒಂದರ ಹಿಂದೊಂದು ಅವರನ್ನು ದಾಟಿ ಮುಂದೆ ಹೋದವು. ಅವುಗಳ ಹಿಂದಿನ ಕೆಂಪನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಈಗ ಬ್ರೇಕ್ ಸದ್ದು ಬರುತ್ತದೆ, ಈಗ ಬರುತ್ತದೆ. ತಿರುವಿನಲ್ಲಿ ಎರಡೂ ಮರೆಯಾದವು. ಸದ್ದೇನೂ ಬರಲಿಲ್ಲ.

ಏರು ಶುರುವಾದ ಮೇಲೆ ಅವಳು ಅವನ ಹೆಗಲ ಮೇಲಿಂದ ಬಗ್ಗಿ ಸ್ಕೂಟರಿನ ಬೆಳಕಿನ ತುದಿಯನ್ನೇ ಹುಡುಕಿದಳು. ಕಿಲೋಮೀಟರ್ ಕಲ್ಲೊಂದು ಹೊಳೆಯಿತು. ನಾಯಿಯೊಂದರ ಕಣ್ಣು ಹೊಳೆಯಿತು. ಆಮೇಲೆ ಬರೀ ಕತ್ತಲು, ಮತ್ತೆ ಕತ್ತಲು. ಅಟೆಂಡರ್ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿ ಸ್ಕೂಟರನ್ನು ಬಲಕ್ಕೆ ಎಳೆದ. ಅವಳ ಮೂಗು ಅವನ ಬೆನ್ನಿಗೆ ಬಡಿಯಿತು. ಕೈಗೆಟುಕುವಷ್ಟು ಹತ್ತಿರದಲ್ಲಿ ಕಾರು ನಿಂತಿತ್ತು.

"ಇಷ್ಟು ಹತ್ರ ಬರೋವರೆಗೂ ಕಾಣ್ಲೇ ಇಲ್ಲವಲ್ಲ ಮೇಡಂ," ಎಂದ ಅವನು. ಧ್ವನಿಯಲ್ಲಿ ತಮಾಷೆ ಇರಲಿಲ್ಲ.

ಅವಳು ತ್ರಿಕೋನವನ್ನು ಬಿಚ್ಚಿ ಅವನ ಕೈಗೆ ತುರುಕಿ, ತಿರುವಿನ ಹತ್ತಿರ ಇಡಿ ಎಂದು ಹಿಂದಕ್ಕೆ ಓಡಿಸಿದಳು. ಡ್ರೈವರ್ ಕಡೆಯ ಬಾಗಿಲು ಎಳೆದಳು. ಸೀಟು ಖಾಲಿ. ಪಕ್ಕದ ಸೀಟೂ ಖಾಲಿ. ಅಣ್ಣನ ಮಂಡಿಗೆ ಸುತ್ತುವ ಪಟ್ಟಿ ಮಾತ್ರ ಬಿದ್ದಿತ್ತು. ಅವಳು ಬಗ್ಗಿ ಕಾರಿನಡಿ ನೋಡಿದಳು.

"ಪುಟ್ಟಿ?"

ದಿಬ್ಬದ ಮೇಲೆ, ರಸ್ತೆಯಿಂದ ಸರಿಯಾಗಿ ಇಪ್ಪತ್ತು ಹೆಜ್ಜೆ ಆಚೆ, ಒಂದು ಕಲ್ಲಿಗೆ ಒರಗಿ ಒಂಟಿ ಕಾಲಿನಲ್ಲಿ ಅಣ್ಣ ನಿಂತಿದ್ದ. ಅವಳು ಹತ್ತಿ ಬರುವಷ್ಟರಲ್ಲಿ ಅವನೇ ಮಾತು ಶುರು ಮಾಡಿದ. ಸಿಕ್ಕಿಬಿದ್ದ ಕಳ್ಳನ ಹಾಗಿತ್ತು ಅವನ ದನಿ.

"ಬೈಬೇಡ ಕಣೆ. ಕೂತಿದ್ದೆ, ಅರ್ಧ ಗಂಟೆ ಕೂತಿದ್ದೆ. ಹಿಂದೆ ನಿನ್ನ ರಿಫ್ಲೆಕ್ಟರ್ ಇದೆ ಅಂತ ನೂರು ಸಲ ಹೇಳ್ಕೊಂಡೆ. ಆದ್ರೆ ಒಂದೊಂದು ಲಾರಿ ಬಂದಾಗ್ಲೂ ಬೆನ್ನು ಸೆಟೆದು ಹೋಗ್ತಿತ್ತು. ಕೂರೋಕಾಗ್ಲಿಲ್ಲ. ನಿನ್ನ ಮೇಲೆ ನಂಬಿಕೆ ಇಲ್ಲ ಅಂತ ಅಲ್ಲ..."

ಅವಳು ಅವನ ತೋಳು ಹಿಡಿದುಕೊಂಡಳು.

"ಒಳ್ಳೇದು ಮಾಡ್ದೆ ಅಣ್ಣ. ನಾನೇ ತಪ್ಪು ಹೇಳ್ದೆ. ಅದು ಹೊಳೆಯಲ್ಲ. ಹೊಳೆಯೋ ಭಾಗಾನ ನಾನೇ ಉಜ್ಜಿ ತೆಗೆದಿದೀನಿ, ಚುಕ್ಕೆ ಕಾಣಬಾರದು ಅಂತ."

ಕೆಳಗೆ ಲಾರಿಯೊಂದು ತಿರುವಿನಲ್ಲಿ ಬಂತು. ಅದರ ಬೆಳಕು ಬಿದ್ದದ್ದೇ ರಸ್ತೆಯ ಮೇಲಿನ ತ್ರಿಕೋನ ಕೆಂಡದಂತೆ ಎದ್ದಿತು. ಲಾರಿ ವೇಗ ತಗ್ಗಿಸಿ, ಬಲಕ್ಕೆ ಹೊರಳಿ, ಕಾರನ್ನು ದೂರದಿಂದಲೇ ಬಳಸಿಕೊಂಡು ಹೋಯಿತು. ಅಷ್ಟೂ ಹೊತ್ತು ಕಾರಿನ ಹಿಂಬದಿ ಕಪ್ಪಾಗಿಯೇ ಇತ್ತು. ಇಬ್ಬರೂ ಅದನ್ನು ನೋಡಿದರು.

"ಮರಳು ಕಾಗದಕ್ಕೆ ಸೋಪು ಹಾಕಿ ಉಜ್ಜಿದ್ಯಾ, ಬರೀ ನೀರಾ?" ಎಂದ ಅಣ್ಣ. ಅವಳು ಬಾಯಿ ಬಿಡುವ ಮೊದಲೇ, "ಚೆಂದ ಅಂತೂ ಇತ್ತು ಬಿಡು," ಎಂದು ಸೇರಿಸಿದ. ಅವಳ ಹೆಗಲ ಮೇಲೆ ಕೈಯೂರಿ ಇಳಿಯತೊಡಗಿದ. ಆ ಕೈಯ ಭಾರ ಎಂದಿಗಿಂತ ಹೆಚ್ಚಿತ್ತು. ಅಷ್ಟು ಹೊತ್ತು ನಿಂತ ಮಂಡಿಯ ಭಾರವೋ, ಬೇರೆಯೋ, ಅವಳಿಗೆ ತಿಳಿಯಲಿಲ್ಲ.

ಮೆಕ್ಯಾನಿಕ್‌ಗಾಗಿ ಕಾಯುವ ಧೈರ್ಯ ಯಾರಿಗೂ ಇರಲಿಲ್ಲ. ಅಟೆಂಡರ್ ಆಚೆ ಈಚೆ ಟಾರ್ಚ್ ಬೀಸಿ ರಸ್ತೆ ಖಾಲಿ ಇದೆಯೆಂದ ಮೇಲೆ ಅಣ್ಣ ಸ್ಟೀರಿಂಗ್ ಹಿಡಿದ. ಉಳಿದಿಬ್ಬರೂ ಸೇರಿ ಕಾರಿನ ಮುಖವನ್ನು ಇಳಿಜಾರಿನ ಕಡೆಗೆ ತಿರುಗಿಸಿ ತಳ್ಳಿದರು. ಗಾಡಿ ಎರಡನೇ ಗೇರಿನಲ್ಲಿ ಎರಡು ಸಲ ಮುಗ್ಗರಿಸಿ, ಕೆಮ್ಮಿ, ಹೊತ್ತಿಕೊಂಡಿತು. ಅದರ ಜೊತೆಗೆ ಅವಳ ದೀಪಗಳೂ ಹೊತ್ತಿಕೊಂಡವು. ಏನೂ ಆಗಿಲ್ಲವೆಂಬಂತೆ ಎರಡು ಬದಿಯಲ್ಲೂ ಕೆಂಪು ಮೆಲ್ಲಗೆ ಉಸಿರಾಡಿತು. ಅವಳು ಬರೆದದ್ದನ್ನು ಅದು ಒಂದಕ್ಷರ ತಪ್ಪದೆ ಮಾಡುತ್ತಿತ್ತು. ಅವಳಿಗೆ ನೋಡಲಾಗಲಿಲ್ಲ.

ಕಾರಿನಲ್ಲಿ ಕೂತು ಬಾ ಎಂದು ಅಣ್ಣ ಕರೆದ. ಅವಳು ಒಪ್ಪಲಿಲ್ಲ. ನಾಳೆ ಬೆಳಗ್ಗೆ ಮೊದಲ ಕೆಲಸ ಬೇರೆ ರಿಫ್ಲೆಕ್ಟರ್ ತಂದು ಹಾಕುವುದು, ಇವನ್ನು ಬಿಚ್ಚಿಡುವುದು. ಈಗ ಮನೆ ತಲುಪುವವರೆಗೆ ತಾನು ಹಿಂದೆಯೇ ಬರುತ್ತೇನೆಂದಳು. ಎಂಜಿನ್ ನಿಲ್ಲಿಸಬೇಡವೆಂದೂ, ನಿಂತುಹೋದರೆ ತಕ್ಷಣ ಇಳಿದು ದೂರ ಹೋಗಬೇಕೆಂದೂ ಎರಡೆರಡು ಸಲ ಹೇಳಿದಳು.

"ಈ ಮಾತನ್ನ ನಾಲ್ಕು ವರ್ಷದಿಂದ ನಾನು ಹೇಳ್ತಿದ್ದೆ," ಎಂದು ಅಣ್ಣ ಕಾರು ಬಿಟ್ಟ.

ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅವಳು ತ್ರಿಕೋನವನ್ನು ಬೆನ್ನಿಗೆ ಕಟ್ಟಿಕೊಂಡು ಕೂತಳು. ಹಿಂದಿನಿಂದ ಬಂದ ಲಾರಿಗಳೆಲ್ಲ ದೂರದಲ್ಲೇ ವೇಗ ತಗ್ಗಿಸಿ ದಾಟಿದವು. ಕಾರು ನಿಧಾನಕ್ಕೆ ಹೋಗುತ್ತಿತ್ತು. ನಡುನಡುವೆ ಅಣ್ಣನ ಕೈ ಕಿಟಕಿಯಿಂದ ಹೊರಬಂದು, ನೀವು ಮುಂದೆ ಹೋಗಿ ಎಂದು ಸನ್ನೆ ಮಾಡುತ್ತಿತ್ತು. ಅಟೆಂಡರ್ ಪ್ರತಿಸಲವೂ ಕತ್ತು ಹೊರಳಿಸಿ ಅವಳನ್ನು ಕೇಳಿದ. ಪ್ರತಿಸಲವೂ ಅವಳು ಬೇಡ ಎಂದಳು.