ಫುಸಾಯೊ ತಂದ ಅಂಜನಕಲ್ಲು

ನಿನೊಮಿಯಾ ಮೇಷ್ಟ್ರಿಗೆ ಕಲ್ಲು ತೋರಿಸಿದರೆ ಸಾಕು, ಅದು ಯಾವ ಗಣಿಯದೆಂದು ಕೂತಲ್ಲೇ ಹೇಳಿಬಿಡುತ್ತಾರೆ ಎಂದು ಜಪಾನಿನ ಸೈಜೋ ಊರಿನಲ್ಲಿ ಪ್ರತೀತಿ. ಅದನ್ನು ಹಬ್ಬಿಸಿದವರಲ್ಲಿ ಮೇಷ್ಟ್ರೂ ಒಬ್ಬರೆನ್ನಿ. ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದ ಮೇಲೆ ಅವರಿಗೆ ಉಳಿದಿದ್ದ ಮರ್ಯಾದೆಯೆಲ್ಲ ಆ ಕಣ್ಣಿನಿಂದಲೇ.

ಕಲ್ಲು ಕೂಡಿಡುವವರ ಸಂಘ ವಸಂತದ ಪ್ರದರ್ಶನಕ್ಕೆ ಕಲ್ಲು ಆರಿಸಲು ಕೂತ ದಿನ, ಗಣಿ ಕೆಲಸ ಮಾಡುತ್ತಿದ್ದ ಕಾನ್‌ಜಿಯ ಹೆಂಡತಿ ಫುಸಾಯೊ ಬಟ್ಟೆಯ ಗಂಟು ಹಿಡಿದು ನೇರವಾಗಿ ಮೇಷ್ಟ್ರ ಮುಂದೆ ಬಂದಳು. ಕಾನ್‌ಜಿ ತೀರಿಕೊಂಡು ವರ್ಷವಾಗಿತ್ತು. ಗಂಟಿನಲ್ಲಿ ಅಂಜನಕಲ್ಲು, ಅಂದರೆ ಆಂಟಿಮನಿಯ ಅದಿರು, ಇತ್ತು. ಗೇಣುದ್ದದ ಹರಳುಗಳು ಕತ್ತಿಯ ಅಲಗುಗಳಂತೆ ಎದ್ದು ನಿಂತು ಕಣ್ಣು ಕೋರೈಸುತ್ತಿದ್ದವು.

"ಇಚಿನೊಕಾವಾ ಗಣಿದು ಮೇಷ್ಟ್ರೇ. ಗಣಿ ಮುಚ್ಚೋ ವರ್ಷ ನಮ್ಮೋರು ಒಳಗಿಂದ ತಂದ್ರಂತೆ. 'ಮದ್ವೆಗೆ ಉಂಗುರ ತರೋಕಾಗ್ಲಿಲ್ಲ, ನಿಂಗೇ ಅಂತ ಇದನ್ನ ತಂದೆ, ಕಂಪನಿಯೋರ ಭಯಕ್ಕೆ ಪೆಟ್ಟಿಗೆ ತಳದಲ್ಲಿ ಬಚ್ಚಿಟ್ಟೆ' ಅಂತ ಸಾಯೋಕ್ಮುಂಚೆ ಹೇಳಿದ್ರು. ಇದ್ರ ಮುಂದೆ ಅವ್ರ ಹೆಸರು ಬರೆದಿಡ್ತೀರಾ?"

ಮೇಷ್ಟ್ರ ಹೊಟ್ಟೆಗೆ ಕಿಚ್ಚು ಬಿತ್ತು. ಊರಿಗೇ ದೊಡ್ಡದೆಂದು ಹೆಸರಾಗಿದ್ದ ಅವರ ಇಚಿನೊಕಾವಾ ಕಲ್ಲು ಇದರ ಅರ್ಧವೂ ಇರಲಿಲ್ಲ. ಅದೂ ಅಲ್ಲದೆ ಅವರು ಕಂಡ ಇಚಿನೊಕಾವಾ ಕಲ್ಲುಗಳೆಲ್ಲ ಬೂದಿ ಬಳಿದಂತೆ ಮಂಕಾಗಿದ್ದವು; ಹೀಗೆ ಹೊಳೆಯುತ್ತಿದ್ದವು ಚೀನಾದಿಂದ ಹೊಸದಾಗಿ ಬಂದು ಅಂಗಡಿ ತುಂಬಿದ ಕಲ್ಲುಗಳು ಮಾತ್ರ.

"ಇದು ಚೀನಾದ್ದು ತಾಯಿ. ಗಣಿ ಮುಚ್ಚಿ ನಲವತ್ತು ವರ್ಷ ಆಯ್ತು, ಆಗಿನ ಕಲ್ಲು ಹೀಗೆ ಹೊಳೆಯುತ್ತಾ? ನಿಮ್ಮ ಯಜಮಾನ್ರು ನಿಮ್ಮ ಕಿವಿಗೆ ಹೂವಿಟ್ಟಿದ್ದಾರೆ."

"ಉಂಗುರದ ದುಡ್ಡು ಹೆಂಡವಾಗಿ ಗಂಟಲಲ್ಲಿ ಇಳಿದಿರ್ಬೇಕು, ಪಾಪ!" ಎಂದ ಕ್ಷೌರದಂಗಡಿಯ ತಾಕೆಚಿ. ಎಲ್ಲರೂ ನಕ್ಕರು. ಮೇಷ್ಟ್ರೂ ನಕ್ಕರು. ಫುಸಾಯೊ ಎಲ್ಲರಿಗೂ ತಲೆಬಾಗಿ, ಗಂಟು ಕಟ್ಟಿಕೊಂಡು ಹೋದಳು.

ತಿಂಗಳು ಕಳೆದ ಮೇಲೆ ಮೇಷ್ಟ್ರ ಕಲ್ಲಿನ ಮರದ ಪೀಠ ಬಿರುಕು ಬಿಟ್ಟಿತು. ಹೊಸ ಪೀಠಕ್ಕೆ ಕೂರಿಸಲೆಂದು ಅವರು ಚಾಕುವಿನಿಂದ ಕಲ್ಲನ್ನು ಮೆಲ್ಲಗೆ ಎಬ್ಬಿಸಿದರು. ಇಷ್ಟು ವರ್ಷ ಮರದೊಳಗೆ ಹೂತಿದ್ದ ಬುಡ ಕನ್ನಡಿಯ ಹಾಗೆ ಹೊಳೆಯಿತು. ಮೇಲಿನದೆಲ್ಲ ಕಿಟಕಿಯ ಬೆಳಕಿಗೆ ಮಂಕಾಗಿತ್ತು, ಅಷ್ಟೇ. ಬೆಳಕು ಬಿದ್ದರೆ ಅಂಜನಕಲ್ಲು ಮಾಸುತ್ತದೆಂದು ಮಕ್ಕಳಿಗೆ ಅವರೇ ಪಾಠ ಹೇಳಿದ್ದರು! ಪೆಟ್ಟಿಗೆಯ ತಳ ಎಂದು ಫುಸಾಯೊ ಬಾಯಿಬಿಟ್ಟು ಹೇಳಿದ್ದಳು. ಕಿವಿ ಕೇಳಿತ್ತು, ಹೊಟ್ಟೆಕಿಚ್ಚು ಕೇಳಗೊಡಲಿಲ್ಲ. ಒಬ್ಬರೇ ಇದ್ದ ಕೋಣೆಯಲ್ಲೂ ಮೇಷ್ಟ್ರಿಗೆ ನಾಚಿಕೆಯಿಂದ ಮೈಯೆಲ್ಲ ಬಿಸಿಯಾಯಿತು.

ಕಿತ್ತಳೆಯ ಚೀಲ ಹಿಡಿದು ಅವಳ ಮನೆಗೆ ಹೋದರು. ಕಲ್ಲು ಅಡುಗೆಮನೆಯ ಕಿಟಕಿಯಲ್ಲಿ, ಬಿಸಿಲಲ್ಲಿ, ಈರುಳ್ಳಿಗಳ ನಡುವೆ ಕೂತಿತ್ತು. ಒಂದು ಮಗ್ಗುಲು ಆಗಲೇ ಕಳೆಗುಂದಿತ್ತು.

"ಚೀನಾದ್ದಲ್ವಾ, ಅಲ್ಲೇ ಬಿದ್ದಿರ್ಲಿ ಅಂತ ಬಿಟ್ಟೆ," ಎಂದಳು ಫುಸಾಯೊ, ಚಹಾ ಬಗ್ಗಿಸುತ್ತ.

ಮೇಷ್ಟ್ರು ಮಂಡಿಯೂರಿ ಚಾಪೆಗೆ ಹಣೆ ಹಚ್ಚಿದರು.

"ಚೀನಾದ್ದಲ್ಲಮ್ಮ, ಇಚಿನೊಕಾವಾದ್ದೇ. ಕತ್ತಲಲ್ಲಿದ್ದಿದ್ದಕ್ಕೇ ಆ ಹೊಳಪು. ನಂದಕ್ಕಿಂತ ದೊಡ್ಡದು ಅಂತ ಹೊಟ್ಟೆ ಉರೀತು, ಬಾಯಿಗೆ ಬಂದಿದ್ದು ಅಂದ್ಬಿಟ್ಟೆ. ನಿಮ್ಮ ಯಜಮಾನ್ರು ನಿಜಾನೇ ಹೇಳಿದ್ರು."

ಬೈಯುತ್ತಾಳೆಂದು ಕಾದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಎದ್ದು ಮೂಲೆಗೆ ಹೋಗಿ, ಗಂಡನ ಫೋಟೋ ಇದ್ದ ದೇವರಗೂಡಿನ ಮುಚ್ಚಿದ್ದ ಬಾಗಿಲು ತೆರೆದಳು. ಫೋಟೋದ ಮುಂದಿದ್ದ ಪುಟ್ಟ ಬಟ್ಟಲು ಬರಿದಾಗಿ ಧೂಳು ಹಿಡಿದಿತ್ತು.

"ದಿನಾ ಬೆಳಿಗ್ಗೆ ಮೊದಲ ಅನ್ನ ಇವ್ರಿಗೇ ಇಡ್ತಿದ್ದೆ ಮೇಷ್ಟ್ರೇ. ಸಾಯೋವಾಗ್ಲೂ ಸುಳ್ಳು ಹೇಳಿ ಹೋದ್ರಲ್ಲಾ ಅಂತ ಅವತ್ತೇ ಬಾಗ್ಲು ಹಾಕ್ಬಿಟ್ಟೆ. ಒಂದು ತಿಂಗಳಿಂದ ಒಂದಗುಳೂ ಇಟ್ಟಿಲ್ಲ."

ಬಟ್ಟಲು ತೊಳೆದು, ಬಿಸಿ ಅನ್ನ ತುಂಬಿ, ಅವರ ಕೈಗೆ ಕೊಟ್ಟಳು.

"ನೀವೇ ಇಡಿ. ನಲವತ್ತು ವರ್ಷ ಜೊತೇಲಿ ಬಾಳಿದೋರ ಮಾತು ಬಿಟ್ಟು ನಿಮ್ಮ ಮಾತು ನಂಬಿದೆ. ಅವ್ರನ್ನ ನೋಡೋಕೆ ನಂಗೆ ಮುಖ ಇಲ್ಲ."

ಮೇಷ್ಟ್ರಿಗಾದರೂ ಆ ಮುಖ ಎಲ್ಲಿತ್ತು? ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು, ತಲೆಯೆತ್ತಲಾಗದೆ ಅಲ್ಲೇ ಕೂತರು. ಅನ್ನ ಆರುತ್ತಿತ್ತು.