ತಂಗಿಗೆ ಹಾಕಿಸಿದ ಕೋಡ್

ಮುದುಕನ ನೆನಪಿಗೆ ತುಕ್ಕು ಹಿಡಿದಿದೆ ಎಂದು ಗ್ರೂಪಿನಲ್ಲಿ ಹಲ್ಲು ಕಿರಿದವರೇ, ಮೊದಲು ಕಿವಿ ತೊಳೆದುಕೊಂಡು ಬನ್ನಿ. ಕನ್ನಡಕ ಎಲ್ಲಿಟ್ಟೆ ಎನ್ನುವುದು ಮರೆತೀತು. ನಮ್ಮ ಬೀದಿಯ ದೊಡ್ಡಕ್ಕ ತಲೆ ತಲೆ ಚಚ್ಚಿಕೊಂಡ ಆ ವಾರ ಮರೆಯುವುದಿಲ್ಲ. ಕೇಳುವುದಾದರೆ ಕೇಳಿ, ನಡುವೆ ಬಾಯಿ ಹಾಕಬೇಡಿ.

ದೊಡ್ಡಕ್ಕನಿಗೆ ಆಸ್ಪತ್ರೆಯ ಕೋಡಿಂಗ್ ಕೋಣೆಯಲ್ಲಿ ಕೆಲಸ. ಡಾಕ್ಟರು ಬರೆದದ್ದನ್ನು ಓದಿ, ಯಾವ ತೊಂದರೆಗೆ ಯಾವ ಕೋಡ್ ಎಂದು ಕಂಪ್ಯೂಟರಿಗೆ ಉಣ್ಣಿಸಬೇಕು. ಆಮೇಲೆ ರೋಗಿ ಯಾವ ಕೋಣೆಗೆ ಹೋಗಬೇಕು, ಯಾವ ಸರದಿಯಲ್ಲಿ ನಿಲ್ಲಬೇಕು, ಎಲ್ಲಾ ಆ ಕೋಡಿನ ಅಪ್ಪಣೆ. ಕಿಟಕಿಯಿಲ್ಲದ ಕೋಣೆ, ಗೊರಕೆ ಹೊಡೆಯುವ ಫ್ಯಾನು. ಅಲ್ಲಿ ಒಂದೇ ಒಂದು ಕಟ್ಟುನಿಟ್ಟು: ನೆಂಟರ ಫೈಲನ್ನು ಮುಟ್ಟುವಂತಿಲ್ಲ, ಅದರ ಮಾತೂ ಆಡುವಂತಿಲ್ಲ.

ಅವಳ ತಂಗಿ, ವರ್ಷಗಟ್ಟಲೆ ಗೋಗರೆಸಿಕೊಂಡು, ಕೊನೆಗೆ ಗರ್ಭಕೋಶದ ಬಾಯಿಯ ಕ್ಯಾನ್ಸರಿನ ಸುಳಿವು ಹುಡುಕುವ ಪ್ಯಾಪ್ ಟೆಸ್ಟ್ ಮಾಡಿಸಿದ್ದಳು. ಜೀವಕಣಗಳಲ್ಲಿ ಏನೋ ಏರುಪೇರು ಕಂಡಿತ್ತು. ರೋಗ ಎಂದು ಯಾರೂ ಅಂದಿರಲಿಲ್ಲ. ಲೆನ್ಸಿನಲ್ಲಿ ಹತ್ತಿರದಿಂದ ನೋಡಿ, ಬೇಕಾದರೆ ಒಂದು ಚೂರು ತೆಗೆದು ಪರೀಕ್ಷಿಸಿದ ಮೇಲಷ್ಟೇ ಅದು ಏನೆಂದು ಹೇಳಬಹುದು. ಅದಕ್ಕೆ ಗುರುವಾರ ನಿಗದಿಯಾಗಿತ್ತು.

ಫೈಲು ಪಕ್ಕದ ಮೇಜಿಗೆ ಹೋಯಿತು. ಅಲ್ಲಿದ್ದವಳ ಅಡ್ಡಹೆಸರು ಬಿರುಗಾಳಿ. ಅವಳ ಬೆರಳು ಮುಂದೆ, ಬುದ್ಧಿ ಹಿಂದೆ. ದೊಡ್ಡಕ್ಕ ಸುಮ್ಮನಿರಲಾರದೆ ಪಿಸುಗುಟ್ಟಿದಳು: "ನನ್ನ ತಂಗಿ ಕಣೇ. ಸ್ವಲ್ಪ ನೋಡ್ಕೋ."

"ನಿಮ್ ತಂಗಿ ಅಂದ್ರೆ ನನಗೂ ತಂಗೀನೇ ಅಕ್ಕಾ, ಬಿಡಿ!"

ಮಂಗಳವಾರ ತಂಗಿಯ ಫೋನು. ಒಂದೇ ಅಳು.

"ನನಗೆ ಕ್ಯಾನ್ಸರ್ ಅಂತ ಗೊತ್ತಿದ್ದೂ ಮುಚ್ಚಿಟ್ಯಲ್ಲ ಅಕ್ಕಾ?"

"ಯಾರೇ ಹೇಳಿದ್ದು?"

"ಲೆನ್ಸಿನ ಟೆಸ್ಟು ರದ್ದು, ಆಪರೇಷನ್ನಿಗೆ ಬನ್ನಿ ಅಂತ ಮೆಸೇಜ್ ಬಂದಿದೆ. ನಾನು ಬರಲ್ಲ. ಏನಿದ್ರೂ ಒಳಗೇ ಇರ್ಲಿ. ಅತ್ತೆ ಆಗ್ಲೇ ಬೀರುವಿನ ಬೀಗದ ಕೈ ಎಲ್ಲಿದೆ ಅಂತ ಕೇಳಿದ್ರು!"

ತಂಗಿ ಬರುವುದಿಲ್ಲ ಎಂದರೆ ಬರದ ಜಾತಿ. ಒಳಗೆ ನಿಜವಾಗಿ ಏನಾದರೂ ಇದ್ದರೆ? ದೊಡ್ಡಕ್ಕ ಫೋನಿಟ್ಟು ಬಿರುಗಾಳಿಯ ಕುರ್ಚಿಯನ್ನೇ ತನ್ನ ಕಡೆ ತಿರುಗಿಸಿದಳು.

"ಏನ್ ಹಾಕಿದೀಯೇ?"

"ರೋಗ ಖಚಿತ ಅನ್ನೋ ಕೋಡ್."

"ಖಚಿತ ಅಂತ ಯಾವನೇ ಹೇಳಿದ್ದು?"

"ಯಾರೂ ಇಲ್ಲ. ಬರೀ ಏರುಪೇರು ಅಂತ ಹಾಕಿದ್ರೆ ಗುರುವಾರ ಹೋದ್ರೂ ಎಲ್ಲರ ಹಿಂದೆ ನಿಲ್ಬೇಕು. ನೋಡ್ಕೋ ಅಂದ್ರಲ್ಲ, ಅದಕ್ಕೇ ಒಂದು ಮೆಟ್ಟಿಲು ಮೇಲೆ ಹಾಕ್ದೆ." ಹೇಳುವಾಗ ಮುಖದಲ್ಲಿ ಉಪಕಾರದ ಕಳೆ ಬೇರೆ!

ಕಂಪ್ಯೂಟರಿನ ತಪ್ಪೇನು? ಖಚಿತವಾದ ಮೇಲೆ ಖಚಿತಪಡಿಸುವ ಪರೀಕ್ಷೆ ಯಾಕೆ ಎಂದು ಗುರುವಾರವನ್ನು ಕಿತ್ತು ಇನ್ಯಾರಿಗೋ ಕೊಟ್ಟಿತ್ತು.

ಫೈಲು ಮುಚ್ಚಿಹೋಗಿತ್ತು, ತೆರೆಯಬೇಕಾದವನು ಸೂಪರ್‌ವೈಸರ್. ಅವನು, "ಡಾಕ್ಟರಮ್ಮ ತಿದ್ದಿ ಕೊಡ್ಲಿ, ಆಮೇಲೆ ನೋಡೋಣ," ಎಂದ. ಡಾಕ್ಟರಮ್ಮ, "ನಾನು ಬರ್ದಿರೋದು ಸರಿಯಾಗೇ ಇದೆಯಲ್ಲಮ್ಮ, ತಿದ್ದೋಕೇನಿದೆ?" ಎಂದರು. ತಿರುಗಿ ಕೆಳಗೆ ಓಡಿ ಬಂದರೆ ಸೂಪರ್‌ವೈಸರ್, "ನೋಡಿದ್ರಾ, ಅವರದು ಸರಿ ಅಂದ್ಮೇಲೆ ಕೋಡೂ ಸರೀನೇ!" ಎಂದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಗಿರಾಕಿ. ಮೇಲೆ ಕೆಳಗೆ ಅಲೆದು ಅಲೆದು ದೊಡ್ಡಕ್ಕನ ಚಪ್ಪಲಿಯ ಉಂಗುಷ್ಠ ಕಿತ್ತುಹೋಯಿತು. ಇನ್ನು ಉಳಿದದ್ದು ಒಂದೇ ದಾರಿ. ಬಿರುಗಾಳಿಯ ಕೈ ಹಿಡಿದು ಎಳೆದಳು.

"ಬಾ, ಹೇಗಾಯ್ತು ಅಂತ ಹೇಳು."

"ನೀವು ಹೇಳಿದ್ದಕ್ಕೇ ಹಾಕಿದ್ದು ಅಂತಾನೂ ಹೇಳ್ಬೇಕಾಗತ್ತೆ ಅಕ್ಕಾ."

"ಹೇಳೇ! ಬೇಕಿದ್ರೆ ಮೈಕ್ ತರ್ತೀನಿ!"

ಎಲ್ಲ ಕೇಳಿದ ಸೂಪರ್‌ವೈಸರ್ ಕೋಡ್ ತಿದ್ದಿಸಿದ. ಜೊತೆಗೆ ನೆಂಟರ ಫೈಲಿನ ಮಾತಾಡಿದ ತಪ್ಪಿಗೆ ದೊಡ್ಡಕ್ಕನನ್ನು ನೆಲಮಾಳಿಗೆಯ ಹಳೆಯ ಫೈಲುಗಳ ಧೂಳಿಗೆ ದಬ್ಬಿದ. ತಂಗಿಯ ಸರದಿ ಎಲ್ಲಿಗೆ ಹೋಯಿತು ಗೊತ್ತೇ? ಗುರುವಾರ ಇನ್ಯಾರದೋ ಪಾಲಾಗಿತ್ತಲ್ಲ, ಎಲ್ಲರ ಹಿಂದಕ್ಕೆ. ಅಂದರೆ ಬಿರುಗಾಳಿ ಉಪಕಾರ ಮಾಡದಿದ್ದರೆ ಇರುತ್ತಿದ್ದ ಜಾಗಕ್ಕಿಂತಲೂ ಹಿಂದೆ!

ಸಂಜೆ ತಂಗಿಯ ಮನೆಗೆ ಹೋದಳು. ತಂಗಿ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು.

"ನಿನಗೆ ರೋಗ ಅಂತ ಯಾವ ಡಾಕ್ಟರೂ ಹೇಳಿಲ್ಲ ಕಣೇ. ನಾನು ಸ್ವಲ್ಪ ನೋಡ್ಕೋ ಅಂದೆ, ಅವಳು ಜಾಸ್ತೀನೇ ನೋಡ್ಕೊಂಡ್ಲು."

ತಂಗಿ ಎದ್ದು ಕೂತಳು. "ಅಂದ್ರೆ ಇಡೀ ದಿನ ನಾನು ಸತ್ತೇಹೋದೆ ಅಂತ ಅತ್ತಿದ್ದು ನಿನ್ನ ಪ್ರೀತಿಗಾ?"

"ಹೂಂ."

"ನಿನ್ನ ಪ್ರೀತಿಗಿಷ್ಟು ಬೆಂಕಿ ಹಾಕ!" ಎಂದು ದಿಂಬು ಎಸೆದಳು. ಸುಧಾರಿಸಿಕೊಂಡು ಕೇಳಿದಳು: "ಈಗ ನಿಜಕ್ಕೂ ಏನಂತ?"

"ಇನ್ನೂ ಯಾರಿಗೂ ಗೊತ್ತಿಲ್ಲ. ನೋಡಿದ್ರೆ ತಾನೇ ಗೊತ್ತಾಗೋದು?"

ತಂಗಿ ಎಸೆದ ದಿಂಬನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು. "ಬರ್ತೀನಿ. ಆದ್ರೆ ನೀನು ಹೊರಗೆ ಬೆಂಚಿನ ಮೇಲೆ ಕೂತಿರು. ನರ್ಸಮ್ಮಂಗೆ ನಮಸ್ಕಾರ ಕೂಡ ಹೇಳ್ಬೇಡ."

ಹಾಗೇ ಆಯಿತು. ಸರದಿ ಬಂದ ದಿನ ಗುರುತಿನವರು ಎದುರಾದಾಗಲೆಲ್ಲ ದೊಡ್ಡಕ್ಕ ತಲೆ ತಗ್ಗಿಸಿ ನೆಲ ನೋಡಿದಳು. ಒಳಗೆ ಲೆನ್ಸಿಟ್ಟು ನೋಡಿದರು, ಚೂರು ತೆಗೆದರು. ಸಣ್ಣ ಬದಲಾವಣೆ, ತಾನಾಗಿಯೇ ಹೋಗಬಹುದು, ವರ್ಷ ಬಿಟ್ಟು ಮತ್ತೆ ಬನ್ನಿ ಎಂದು ಉತ್ತರ ಬಂತು.

ಕೇಳಿದಿರಲ್ಲ? ಆಸ್ಪತ್ರೆಯಲ್ಲಿ ನಮ್ಮವರಿದ್ದಾರೆ ಎಂದು ಮೀಸೆ ತಿರುವುವ ಒಬ್ಬೊಬ್ಬರಿಗೂ ಇದನ್ನು ಕಳಿಸಿ. ಟೆಸ್ಟಿನ ಹೆಸರೆತ್ತಿದರೆ ಓಡುವ ಅಕ್ಕತಂಗಿಯರಿಗೆ ಮೊದಲು ಕಳಿಸಿ.