ಮನೆಯವಳನ್ನು ದೂರ ಇಡು

ತೊಟ್ಟಿಲ ಮೇಲೆ ತೂಗುವ ಮರದ ಆಟಿಕೆಗಳನ್ನು ಮಾಡುತ್ತಿದ್ದ ಮುದುಕ ತೀರಿಕೊಂಡ ಮೇಲೆ ಅವನ ಹೆಂಡತಿ ಮೊದಲು ಮಾಡಿದ ಕೆಲಸವೆಂದರೆ ಅಂಗಡಿಗೆ ಹೊಸ ಬೀಗ ಹಾಕಿಸಿದ್ದು. ಕಳ್ಳರ ಭಯದಿಂದಲ್ಲ. ಹಳೆಯ ಬೀಗದ ಇನ್ನೊಂದು ಕೀಲಿ ಬಣ್ಣದವಳ ಹತ್ತಿರ ಇತ್ತು.

ಬಣ್ಣದವಳು ಆಟಿಕೆಗಳಿಗೆ ಬಣ್ಣ ಬಳಿಯಲು ಬಂದು, ಬರಬರುತ್ತ ಅವುಗಳನ್ನು ತೂಗಿಹಾಕುವುದನ್ನೂ ಕಲಿತವಳು. ಮುದುಕನಿಗೆ ಊಟಕ್ಕೆ ಕೂತಾಗಲೂ ಅವಳದೇ ಮಾತು. "ಅವಳ ಕೈ ಬಹಳ ಹಗುರ ಕಣೇ" ಎನ್ನುತ್ತಿದ್ದ. ಬಟ್ಟೆ ಒಗೆದೊಗೆದು ಒರಟಾದ ತನ್ನ ಕೈಗಳನ್ನು ಹೆಂಡತಿ ಆಗ ಮಡಿಲಲ್ಲಿ ಬಚ್ಚಿಟ್ಟುಕೊಳ್ಳುತ್ತಿದ್ದಳು.

ಅದನ್ನಾದರೂ ನುಂಗಿಕೊಂಡಾಳು. ನುಂಗಲಾಗದ ಮಾತೊಂದಿತ್ತು. ಒಂದು ಮಧ್ಯಾಹ್ನ ಅವಳು ಚಹಾ ಹಿಡಿದು ಮೆಟ್ಟಿಲಿಳಿದು ಬಂದಾಗ, ಅರೆತೆರೆದ ಬಾಗಿಲಾಚೆ ಗಂಡ ಹೇಳುತ್ತಿದ್ದ: "ಮನೆಯವಳನ್ನ ಇನ್ನೂ ಸ್ವಲ್ಪ ದೂರ ಇಡು. ಇಷ್ಟು ಹತ್ತಿರ ಇದ್ರೆ ನಮ್ಮ ಕೆಲಸ ಕೆಡುತ್ತೆ." ಬಣ್ಣದವಳು ಕಿಲಕಿಲನೆ ನಕ್ಕಳು.

ಚಹಾ ಮೋರಿಯ ಪಾಲಾಯಿತು. ಅಂದಿನಿಂದ ಅವಳು ಅಂಗಡಿಯ ಹೊಸಿಲು ತುಳಿಯಲಿಲ್ಲ. ಯಾಕೆಂದು ಗಂಡ ಕೇಳಿದಾಗ "ಮಂಡಿನೋವು" ಎಂದಳು. ಪಾಪ, ಸಾಯುವವರೆಗೂ ಅವನು ಮಂಡಿಗೆ ಹಚ್ಚುವ ಔಷಧಿ ತರುತ್ತಲೇ ಇದ್ದ. ಮುಚ್ಚಳ ತೆರೆಯದ ಸೀಸೆಗಳು ಕಪಾಟಿನಲ್ಲಿ ಸಾಲಾಗಿ ನಿಂತಿದ್ದವು.

ಈಗ ಪ್ರಾರ್ಥನೆಗೆ ಕಣ್ಣು ಮುಚ್ಚಿದರೂ ಅವಳಿಗೆ ಆ ನಗುವೇ ಕೇಳಿಸುತ್ತಿತ್ತು. "ಸ್ವಾಮೀ, ಹೋದವರ ಮೇಲೆ ಸಿಟ್ಟು ಮಾಡಬಾರದು ಅಂತ ಗೊತ್ತು. ಇವಳ ಮೇಲಾದರೂ ಮಾಡ್ಲಾ?" ಎಂದು ಕೇಳುತ್ತಿದ್ದಳು. ದೇವರು ಬೇಡವೆನ್ನಲಿಲ್ಲ; ಅವಳು ಅದನ್ನೇ ಒಪ್ಪಿಗೆ ಎಂದುಕೊಂಡಳು.

ಒಂದು ಬೆಳಿಗ್ಗೆ ಬಣ್ಣದವಳು ಬಂದು ಹೊಸ ಬೀಗವನ್ನೊಮ್ಮೆ ನೋಡಿ, ಮಹಡಿಯತ್ತ ಕೂಗಿದಳು.

"ಅಮ್ಮಾ, ಯಜಮಾನ್ರ ಕೊನೇ ಆಟಿಕೆ ಅರ್ಧಕ್ಕೇ ನಿಂತಿದೆ. ಅದೊಂದನ್ನ ಮುಗಿಸಿಕೊಡ್ತೀನಿ. ಆಮೇಲೆ ನನ್ನನ್ನ ಇಟ್ಕೊಳ್ಳೋದು ಬಿಡೋದು ನಿಮ್ಮಿಷ್ಟ."

ಮುದುಕಿ ದಡದಡನೆ ಕೆಳಗಿಳಿದು ಬಂದಳು. "ಅದು ನನ್ನ ಗಂಡಂದು. ನಾನೇ ಮುಗಿಸ್ತೀನಿ. ಬೇಕಾದ್ರೆ ಮೂಲೇಲಿ ನಿಂತು ನೋಡು."

ಒಳಗೆ ಅಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಕಿಟಕಿಯ ಕೊಕ್ಕೆಯಿಂದ ಇಳಿಬಿಟ್ಟ ದಾರಕ್ಕೆ ತೆಳುವಾದ ಒಂದು ಕಡ್ಡಿ ಅಡ್ಡಲಾಗಿ ಕಟ್ಟಿತ್ತು. ದಾರದ ಈಚೆ, ಹತ್ತಿರದಲ್ಲೇ, ಒಂದು ದಪ್ಪ ಕೋಳಿ. ಆಚೆ, ಕಡ್ಡಿಯ ತುದಿಯಲ್ಲಿ, ಪುಟ್ಟ ಗುಬ್ಬಿ. ಕಡ್ಡಿ ಗುಬ್ಬಿಯ ಕಡೆಗೆ ವಾಲಿತ್ತು.

ಕೋಳಿಯ ಬಲ ಸಾಲದು, ಇನ್ನೂ ಹತ್ತಿರಕ್ಕೆ ಎಳೆದುಕೊಂಡರೆ ಸರಿಹೋದೀತು ಎಂದು ಮುದುಕಿ ಕೋಳಿಯ ಕುಣಿಕೆಯನ್ನು ದಾರದತ್ತ ಜಾರಿಸಿದಳು. ಗುಬ್ಬಿ ಇನ್ನಷ್ಟು ಕುಸಿಯಿತು. ಹಲ್ಲು ಕಚ್ಚಿ ಮತ್ತೂ ಜಾರಿಸಿದಳು. ಗುಬ್ಬಿಯ ಕೊಕ್ಕು ಮೇಜಿಗೆ ಬಡಿಯಿತು.

ಬಣ್ಣದವಳಿಗೆ ತಡೆಯಲಾಗಲಿಲ್ಲ. "ಅಯ್ಯೋ ಅಮ್ಮಾ, ಮನೆಯವಳನ್ನ ದೂರ ಇಡಿ!"

ಮುದುಕಿ ಗಿರ್ರನೆ ತಿರುಗಿದಳು. "ಅವತ್ತು ಅವರಂದ್ರು, ನೀನು ನಕ್ಕೆ. ಇವತ್ತು ನನ್ನ ಮುಖಕ್ಕೇ ಅಂತೀಯಾ?"

"ಏನಂದ್ರು?"

"ಇದನ್ನೇ! ಮನೆಯವಳನ್ನ ದೂರ ಇಡು ಅಂತ. ನನ್ನ ಕಿವಿಯಾರೆ ಕೇಳಿದೀನಿ."

ಬಣ್ಣದವಳು ಒಮ್ಮೆ ಮುದುಕಿಯನ್ನೂ ಒಮ್ಮೆ ಕೋಳಿಯನ್ನೂ ನೋಡಿದಳು. "ಅಮ್ಮಾ, ಮನೆಯವಳು ಅಂದ್ರೆ ಈ ಕೋಳಿ! ಭಾರದ ಗೊಂಬೆಗೆಲ್ಲ ಯಜಮಾನ್ರು ಮನೆಯವಳು ಅಂತಿದ್ರು. ಹಗುರದ್ದಕ್ಕೆ ನೆಂಟರು. ನೆಂಟರ ಕಡೆ ವಾಲಿದ್ರೆ ಮನೆಯವಳನ್ನ ದಾರದಿಂದ ದೂರ ಸರಿಸ್ಬೇಕು. ತೂಕ ಅಷ್ಟೇ ಇದ್ರೂ ದೂರ ಹೋದಷ್ಟೂ ಎಳೆತ ಜಾಸ್ತಿ."

"ಭಾರದ್ದಕ್ಕೆ ನಾನೇ ಬೇಕಾಗಿತ್ತಾ ಅವರಿಗೆ?"

"ಅದಕ್ಕೇ ನಾನು ನಕ್ಕಿದ್ದು. 'ಮೇಲೆ ಹೋಗಿ ಹೇಳ್ಬೇಡ, ಸೌಟು ಹಿಡ್ಕೊಂಡು ಬರ್ತಾಳೆ' ಅಂತಿದ್ರು."

ಮುದುಕಿಗೆ ನಗು ಬಂತು. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕುಣಿಕೆಯನ್ನು ಮೆಲ್ಲಗೆ ದಾರದಿಂದ ದೂರ ಸರಿಸಿದಳು. ಕೋಳಿ ದೂರವಾದಂತೆ ಗುಬ್ಬಿ ಮೇಲೆದ್ದಿತು. ಕಡ್ಡಿ ಎರಡು ಸಲ ತೂಗಿ, ಸಮವಾಗಿ ನಿಂತಿತು. ದೂರ ಹೋದಷ್ಟೂ ಎಳೆತ ಜಾಸ್ತಿ. ಪಕ್ಕದಲ್ಲಿ ಕೂತು ಉಣ್ಣುತ್ತಿದ್ದಾಗ ಆ ಮನುಷ್ಯ ಎಂದಾದರೂ ಇಷ್ಟು ಭಾರವಾಗಿದ್ದನೇ?

ಆದರೆ ಹೊಟ್ಟೆಯ ಉರಿ ಪೂರ್ತಿ ಆರಲಿಲ್ಲ. ಹೆಸರು ತನ್ನದು, ಆ ಹೆಸರಿನ ತಮಾಷೆ ಮಾತ್ರ ಇವಳ ಪಾಲಿಗೆ ಬಂದಿತ್ತು. ತನ್ನ ಪಾಲಿಗೆ ಬಂದದ್ದು ಔಷಧಿ.

ಮುದುಕಿ ಹೊಸ ಬೀಗದ ಕೀಲಿಯೊಂದನ್ನು ಮೇಜಿನ ಮೇಲಿಟ್ಟಳು.

"ಬಣ್ಣ ನಿಂದು. ನೆಂಟರೂ ನಿನಗೇ ಇರ್ಲಿ. ಮನೆಯವಳನ್ನ ಮಾತ್ರ ನೀನು ಮುಟ್ಟಬೇಡ. ಎಷ್ಟು ದೂರ ಇಡ್ಬೇಕೋ ನಾನೇ ಬಂದು ಇಡ್ತೀನಿ."

"ದಿನಾ ಮೆಟ್ಟಿಲಿಳಿಯೋಕೆ ನಿಮಗೆ ಮಂಡಿನೋವಲ್ವಾ ಅಮ್ಮಾ?"

"ಹೋಯ್ತು" ಎಂದಳು ಮುದುಕಿ.